ಹಳೇ ಟೇಪಿನ ಸಹವಾಸ

ಬ್ಯಾಂಕಿನಿಂದ ನಿವೃತ್ತರಾದವರು ಮುಂಬಯಿಯಲ್ಲಿ ಹೊತ್ತು ಹೇಗೆ ಕಳೆಯುತ್ತಾರೆ ಎಂದು ಊರಿನವರು ಕೇಳುವುದುಂಟು. ಹೆಚ್ಚಿನವರು ಹೌಸಿಂಗ್ ಸೊಸೈಟಿಯ ಖಜಾಂಚಿಯಾಗುತ್ತಾರೆ, ಇಲ್ಲವೇ ಯಾವುದಾದರೂ ಕನ್ನಡ ಸಂಘದ ಲೆಕ್ಕಪತ್ರ ನೋಡುತ್ತಾರೆ. ಎರಡನ್ನೂ ನಾನು ಮಾಡಿದ್ದೇನೆ. ಅದಕ್ಕಾಗಿ ಯಾರೂ ನನ್ನನ್ನು ನೆನಪಿಟ್ಟುಕೊಂಡಿಲ್ಲ. ಫೋರ್ಟಿನಿಂದ ಡೊಂಬಿವಲಿಯವರೆಗೆ ನನ್ನ ಹೆಸರು ಗೊತ್ತಿಲ್ಲದ ಕನ್ನಡಿಗರಿಗೂ ‘ಟೇಪು ರಿಪೇರಿ ಮಾಡುವ ಬ್ಯಾಂಕಿನವರು’ ಎಂದರೆ ಗೊತ್ತಾಗುತ್ತದೆ. ಎಂ.ಕಾಂ. ಓದಿ, ಮೂವತ್ತಾರು ವರ್ಷ ಡೆಬಿಟ್ಟು ಕ್ರೆಡಿಟ್ಟು ನೋಡಿ, ಕೊನೆಗೆ ಕೈಗೆ ಬಂದ ಬಿರುದು ಇದು. ಬೇಸರವೇನಿಲ್ಲ ಬಿಡಿ.

ಧಾರವಾಡದಲ್ಲಿ ಓದು ಮುಗಿಸಿ, ಬ್ಯಾಂಕಿನ ಪರೀಕ್ಷೆ ಪಾಸಾಗಿ, 1983ರಲ್ಲಿ ನಾನು ಫೋರ್ಟಿಗೆ ಬಂದೆ. ಹೊನ್ನಾವರದ ಕಡೆಯವನಿಗೆ ಮುಂಬಯಿ ತೀರಾ ಪರದೇಶವಲ್ಲ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ನಮ್ಮ ಅಜ್ಜ ಕೊನೆಯವರೆಗೂ ‘ಬೊಂಬಾಯಿ ಸರ್ಕಾರ’ ಅಂತಲೇ ಹೇಳುತ್ತಿದ್ದರು. ಫೋರ್ಟ್ ಅಂದರೆ ಅಲ್ಲಿ ಕೋಟೆ ಇದೆ ಎಂದುಕೊಳ್ಳಬೇಡಿ. ಬ್ರಿಟಿಷರು 1860ರ ದಶಕದಲ್ಲೇ ಅದರ ಗೋಡೆ ಕೆಡವಿದರು, ಹೆಸರು ಮಾತ್ರ ಉಳಿಯಿತು. ರಿಸರ್ವ್ ಬ್ಯಾಂಕು, ಶೇರು ಪೇಟೆ, ಹೈಕೋರ್ಟು, ವಿ.ಟಿ. ಸ್ಟೇಶನ್ನು, ಇವುಗಳ ಸಂದಿಯ ಗಲ್ಲಿಗಳಲ್ಲಿ ನಮ್ಮ ಕಡೆಯವರ ಉಡುಪಿ ಹೋಟೆಲುಗಳು. ಹಗಲಿಡೀ ಅಲ್ಲಿ ಕಪ್ಪು ಬಶಿ ತೊಳೆದ ಹುಡುಗರು ಸಂಜೆಯಾದ ಮೇಲೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕೂತು ತೂಕಡಿಸುತ್ತ ಪಾಠ ಕೇಳುತ್ತಿದ್ದ ಕಾಲ ಅದು.

ಬೋರಾ ಬಜಾರಿನ ಹಳೇ ಕಟ್ಟಡವೊಂದರ ಮೂರನೇ ಮಾಳಿಗೆಯ ರೂಮಿನಲ್ಲಿ ನಾವು ಐದು ಜನ ಇದ್ದೆವು. ಒಬ್ಬನ ಅಣ್ಣ ದುಬೈಯಿಂದ ತಂದುಕೊಟ್ಟ ನ್ಯಾಶನಲ್ ಪ್ಯಾನಸಾನಿಕ್ ಟೇಪ್ ರೆಕಾರ್ಡರು ಐವರಿಗೂ ಸೇರಿದ ಆಸ್ತಿ. ಯಕ್ಷಗಾನದ ಪ್ರಸಂಗಗಳು, 1978ರಲ್ಲಿ ಬಂದಿದ್ದ ‘ನಿತ್ಯೋತ್ಸವ’ ಧ್ವನಿಸುರುಳಿ, ಇವನ್ನು ಕೇಳಿದ್ದಕ್ಕಿಂತ ಹೆಚ್ಚಾಗಿ ನಾವು ಅದರಲ್ಲಿ ಮಾತಾಡಿದ್ದೇವೆ. ಪತ್ರದ ಬದಲು ಕ್ಯಾಸೆಟ್ಟು ಕಳಿಸುವ ರೂಢಿ ಗಲ್ಫಿಗೆ ಹೋದವರಿಂದ ನಮ್ಮೂರ ಕಡೆ ಬಂದಿತ್ತು. ನನ್ನ ಅಮ್ಮನಿಗೆ ಓದು ಬರುತ್ತಿರಲಿಲ್ಲ. ಫೋನು ಮಾಡುವುದಾದರೆ ಟ್ರಂಕ್‌ಕಾಲ್ ಬುಕ್ ಮಾಡಿ, ಊರ ಪೋಸ್ಟಾಫೀಸಿಗೆ ಅವಳನ್ನು ಕರೆಸಬೇಕು. ಅದರ ಬದಲು ಒಂದು ಕ್ಯಾಸೆಟ್ಟಿಗೆ ಅರ್ಧ ಗಂಟೆ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟರೆ ಎರಡು ದಿನದಲ್ಲಿ ಬಸ್ಸಿನಲ್ಲಿ ತಲುಪುತ್ತಿತ್ತು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ, ಆಗ ಅದರ ಸುದ್ದಿಯೇ ಇರಲಿಲ್ಲ.

ಆ ಯಂತ್ರ ಒಂದು ದಿನ ಟೇಪು ತಿನ್ನಲು ಶುರು ಮಾಡಿತು. ಲ್ಯಾಮಿಂಗ್ಟನ್ ರೋಡಿನ ಅಂಗಡಿಗೆ ಒಯ್ದಾಗ ಮಿಸ್ತ್ರಿ ಕದ ತೆಗೆದು, ಹತ್ತಿಗೆ ಸ್ಪಿರಿಟ್ ಹಚ್ಚಿ ನಾಲ್ಕು ಕಡೆ ಒರೆಸಿ, ಒಂದು ಬೆಲ್ಟು ಬದಲಿಸಿ, ಐದು ನಿಮಿಷದಲ್ಲಿ ಕೈಗಿತ್ತ. ಇಷ್ಟೇ ಆದರೆ ನಾನೇ ಮಾಡಬಹುದಲ್ಲ ಅನ್ನಿಸಿತು. ಅಲ್ಲಿಂದ ಹಿಡಿದ ಹುಚ್ಚು.

ಆ ಹುಚ್ಚಿಗೆ ಶಿಸ್ತು ಬಂದದ್ದು ಬ್ಯಾಂಕಿನಲ್ಲಿ. 1988ರಲ್ಲಿ ನನ್ನನ್ನು ಕಂಪ್ಯೂಟರ್ ವಿಭಾಗಕ್ಕೆ ಹಾಕಿದರು. ಬ್ಯಾಂಕಿಗೆ ಕಂಪ್ಯೂಟರು ಬೇಕೇ ಬೇಡವೇ ಎಂದು ಯೂನಿಯನ್ನಿನವರಿಗೂ ಮ್ಯಾನೇಜ್‌ಮೆಂಟಿಗೂ ವರ್ಷಗಟ್ಟಲೆ ಜಗಳವಾಗಿ, 1983ರ ಒಪ್ಪಂದ, 1984ರ ರಂಗರಾಜನ್ ಸಮಿತಿಯ ವರದಿ ಎಲ್ಲ ಆದ ಮೇಲೆ ಮೆಲ್ಲಗೆ ಒಳಗೆ ಬರುತ್ತಿದ್ದ ಯಂತ್ರಗಳು ಅವು. ಬ್ಯಾಂಕಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾಗಿದ್ದ ಜಾಗ ಅದೊಂದೇ. ಒಳಗೆ ಎ.ಸಿ.ಯ ಚಳಿ, ಗೋಡೆಗೆ ತಾಗಿ ಕಪಾಟಿನಷ್ಟು ಎತ್ತರದ ಟೇಪ್ ಡ್ರೈವು. ಅದರ ರೀಲು ಹತ್ತೂವರೆ ಇಂಚಿನದು, ಟೇಪು ಅರ್ಧ ಇಂಚು ಅಗಲ, 2400 ಅಡಿ ಉದ್ದ. ಒಂದಿಂಚಿನಲ್ಲಿ 1600 ಅಕ್ಷರ. ಇಡೀ ರೀಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು 40 ಎಂಬಿ, ಅಂದರೆ ಇವತ್ತಿನ ಮೊಬೈಲಿನ ಹತ್ತು ಹನ್ನೆರಡು ಫೋಟೋ. ಅಷ್ಟರಲ್ಲಿ ಸಾವಿರಾರು ಜನರ ಖಾತೆ ಇರುತ್ತಿತ್ತು.

ನಕಲು ಕಾಪಾಡುವ ಕ್ರಮಕ್ಕೆ ‘ಅಜ್ಜ, ಅಪ್ಪ, ಮಗ’ ಎಂದು ಹೆಸರು. ಇದು ನನ್ನ ತಮಾಷೆಯಲ್ಲ, ಕಂಪ್ಯೂಟರಿನವರೇ ಇಟ್ಟದ್ದು. ಇವತ್ತಿನ ಟೇಪು ಮಗ, ನಿನ್ನೆಯದು ಅಪ್ಪ, ಮೊನ್ನೆಯದು ಅಜ್ಜ. ನಾಳೆ ಹೊಸ ಮಗ ಹುಟ್ಟಬೇಕಾದರೆ ಅಜ್ಜನನ್ನು ಅಳಿಸಿ ಅದರ ಮೇಲೆ ಬರೆಯುವುದು. ರೀಲಿನ ಹಿಂದೆ ಒಂದು ಪ್ಲಾಸ್ಟಿಕ್ ಬಳೆ ಹಾಕಿದರೆ ಮಾತ್ರ ಡ್ರೈವು ಅದರಲ್ಲಿ ಬರೆಯುತ್ತದೆ. ಬಳೆ ತೆಗೆದರೆ ಓದಬಹುದು, ಬರೆಯುವಂತಿಲ್ಲ.

ಮೆಶೀನು ನೋಡಿಕೊಳ್ಳಲು ಬರುತ್ತಿದ್ದ ಮರಾಠಿ ಎಂಜಿನಿಯರರು ನನಗೆ ಹೇಳಿಕೊಟ್ಟದ್ದು ಒಂದೇ ಪಾಠ: ಹೆಡ್ಡು ಕೊಳೆಯಾದ ಮೇಲೆ ಒರೆಸುವುದಲ್ಲ, ಕೊಳೆಯಾಗುವ ಮೊದಲೇ ಒರೆಸಬೇಕು. ಟೇಪು ಅಂದರೆ ಪ್ಲಾಸ್ಟಿಕ್ಕಿನ ಪಟ್ಟಿಗೆ ಕಬ್ಬಿಣದ ತುಕ್ಕಿನಂಥ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದದ್ದು. ಓಡುವಾಗ ಆ ಪುಡಿ ಚೂರು ಚೂರು ಉದುರಿ ಹೆಡ್ಡಿಗೆ ಹತ್ತುತ್ತದೆ. ಹತ್ತಿದ ಪುಡಿ ಮುಂದಿನ ಟೇಪನ್ನು ಕೆರೆಯುತ್ತದೆ. ಆದ್ದರಿಂದ ಪ್ರತಿ ಪಾಳಿಯಲ್ಲೂ ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸುವುದು, ರಿಜಿಸ್ಟರಿನಲ್ಲಿ ಸಹಿ ಹಾಕುವುದು. ಬ್ಯಾಂಕು ಬಿಟ್ಟರೂ ಈ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ನನ್ನ ಮೇಜಿನ ಮೇಲೆ ಇಂದಿಗೂ ಒಂದು ರಿಜಿಸ್ಟರಿದೆ, ಸಹಿ ಹಾಕುವವನು ನಾನೊಬ್ಬನೇ.

ಮೇಜು ಇರುವುದು ಫೋರ್ಟಿನಲ್ಲೇ, ಪರಿಚಯದವರೊಬ್ಬರ ಪ್ರಿಂಟಿಂಗ್ ಅಂಗಡಿಯ ಅಟ್ಟದಲ್ಲಿ. ನೌಕರಿಯಲ್ಲಿದ್ದಾಗ ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿಸಿ ಅಲ್ಲಿ ಹತ್ತಿ ಕೂರುತ್ತಿದ್ದೆ, ಈಗ ವಾರಕ್ಕೆ ಎರಡು ದಿನ. ಬರುವ ರೋಗಗಳು ಹೆಚ್ಚು ಕಡಿಮೆ ಒಂದೇ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ನಾಲ್ಕು ಮುಕ್ಕಾಲು ಸೆಂಟಿಮೀಟರು ಓಡುತ್ತದೆ. 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟು ಹೊರತಂದಾಗಿನಿಂದಲೂ ಅದೇ ವೇಗ. ಟೇಪನ್ನು ಎಳೆಯುವುದು ನಮಗೆ ಹೊರಗಿನಿಂದ ಕಾಣುವ ಹಲ್ಲಿನ ಚಕ್ರಗಳು ಎಂದು ಎಲ್ಲರೂ ತಿಳಿದಿರುತ್ತಾರೆ. ನಿಜವಾಗಿ ಎಳೆಯುವುದು ಕ್ಯಾಪ್‌ಸ್ಟನ್ ಎಂಬ ನಯವಾದ ಉಕ್ಕಿನ ಕಡ್ಡಿ, ಮತ್ತು ಅದಕ್ಕೆ ಟೇಪನ್ನು ಒತ್ತಿ ಹಿಡಿಯುವ ರಬ್ಬರಿನ ಗಾಲಿ. ಗಾಣದಲ್ಲಿ ಕಬ್ಬು ಹೋದ ಹಾಗೆ ಟೇಪು ಇವೆರಡರ ನಡುವೆ ಹೋಗುತ್ತದೆ. ಕಡ್ಡಿಯ ಬುಡದಲ್ಲಿ ಭಾರದ ಚಕ್ರ, ಆ ಚಕ್ರಕ್ಕೂ ಮೋಟಾರಿಗೂ ನಡುವೆ ರಬ್ಬರ್ ಬೆಲ್ಟು. ಗಾಲಿ ಕೊಳೆಯಾಗಿ ಟೇಪು ಅದಕ್ಕೆ ಅಂಟಿಕೊಂಡರೆ, ಅಥವಾ ಆಚೆಯ ಚಕ್ರ ಜಾರಿ ಬಂದ ಟೇಪನ್ನು ಸುತ್ತಿಕೊಳ್ಳದಿದ್ದರೆ, ಟೇಪು ಅಲ್ಲೇ ಗೋಜಲಾಗುತ್ತದೆ. ಟೇಪು ತಿನ್ನುವುದು ಅಂದರೆ ಇಷ್ಟೇ.

ಮುಂಬಯಿಯ ಸೆಖೆಗೆ ಮೊದಲು ಸಾಯುವುದು ರಬ್ಬರು. ಕೆಲವು ಬೆಲ್ಟು ಒಣಗಿ ಬಿರುಕು ಬಿಡುತ್ತದೆ, ಕೆಲವು ಕರಗಿ ಡಾಂಬರಾಗುತ್ತದೆ. ಡಾಂಬರಾದದ್ದನ್ನು ತೆಗೆಯಲು ಅರ್ಧ ದಿನ, ಕೈಯ ಕಪ್ಪು ಹೋಗಲು ಇನ್ನೊಂದು ದಿನ. ಕರಗಿದ ಬೆಲ್ಟಿನ ಅಳತೆ ಸಿಗುವುದಿಲ್ಲ. ಅದಕ್ಕೆ ಹೊಲಿಗೆಯ ದಾರವನ್ನು ಚಕ್ರಗಳ ಸುತ್ತ ಬಿಗಿಯಾಗಿ ಸುತ್ತಿ, ಉದ್ದ ಅಳೆದು, ನೂರಕ್ಕೆ ಐದರಿಂದ ಎಂಟರಷ್ಟು ಕಡಿಮೆ ಮಾಡಿ ಹೊಸದು ತರಬೇಕು. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗದಿದ್ದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿ, ಸತ್ತ ಡೆಕ್ಕೊಂದನ್ನು ಕೊಂಡು ಅದರ ಅಂಗಾಂಗ ಬಳಸುವುದು. ಲೋಹಕ್ಕೆ ಸ್ಪಿರಿಟ್, ರಬ್ಬರಿಗೆ ಸಾಬೂನು ನೀರು. ರಬ್ಬರಿಗೂ ಸ್ಪಿರಿಟ್ ಹಚ್ಚುವವರಿದ್ದಾರೆ, ನಾನು ಹಚ್ಚುವುದಿಲ್ಲ.

ಯಂತ್ರ ಹೀಗೆ ಸತ್ತರೂ ಟೇಪು ಬದುಕಿರುತ್ತದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ರೆಕಾರ್ಡರು ಕೆಟ್ಟಿತೆಂದು ಕ್ಯಾಸೆಟ್ಟುಗಳನ್ನೂ ರದ್ದಿಯವನಿಗೆ ಕೊಟ್ಟವರನ್ನು ನೋಡಿ ಹೊಟ್ಟೆ ಉರಿದಿದೆ.

2005ರ ಜುಲೈ 26ರ ಮಳೆ ಊರಿನ ಓದುಗರಿಗೂ ನೆನಪಿರಬಹುದು. ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರು ಸುರಿಯಿತು. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾದ ನೆಲಮಾಳಿಗೆಯ ಮನೆಗಳಿಗೆಲ್ಲ ಕೆಸರು ನೀರು ನುಗ್ಗಿತು. ಆ ಶನಿವಾರ, ಅಂದರೆ 30ರಂದು, ಅಟ್ಟದ ಏಣಿ ಹತ್ತಿ ಶೆಟ್ರು ಬಂದರು. ಕುಂದಾಪುರದ ಕಡೆಯವರು, ಹನ್ನೆರಡು ವರ್ಷದವರಿರುವಾಗ ಫೋರ್ಟಿನ ಹೋಟೆಲಿಗೆ ಬಂದು, ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಒಂದು ಆಫೀಸಿನ ಕ್ಯಾಂಟೀನು ನಡೆಸಿದವರು. ಮನೆ ಕಲೀನಾದಲ್ಲಿ. ಜೊತೆಯಲ್ಲಿ ಅವರ ಹೆಂಡತಿ. ಪ್ಲಾಸ್ಟಿಕ್ ಚೀಲದಲ್ಲಿ ಹದಿನಾಲ್ಕು ಕ್ಯಾಸೆಟ್ಟು, ಎಲ್ಲವೂ ಕೆಸರು ಮೆತ್ತಿದವು.

‘ಹದ್ಮೂರು ಹೋರೆ ಹೋಯ್ಲಿ ಮಾರಾಯ್ರೆ, ಇದೊಂದ್ ಆತ್ತಾ ಕಾಣಿ’ ಎಂದು ಒಂದನ್ನು ಬೇರೆ ತೆಗೆದಿಟ್ಟರು. ಅಕ್ಕ ಏನೂ ಹೇಳಲಿಲ್ಲ.

ಮದುವೆಯಾದ ಮೇಲೆ ಹನ್ನೊಂದು ವರ್ಷ ಅವರು ಇಲ್ಲಿ, ಅಕ್ಕ ಊರಿನಲ್ಲಿ. ಮುಂಬಯಿಯ ಹೋಟೆಲಿನವರ ಸಂಸಾರ ಹೆಚ್ಚಿನದು ಹಾಗೆಯೇ. ಮಲಗಲು ಹೋಟೆಲಿನ ಬೆಂಚು ಇದ್ದವನು ಹೆಂಡತಿಯನ್ನು ಎಲ್ಲಿಗೆ ಕರೆತಂದಾನು? ಪತ್ರ ಬರೆದರೆ ಮನೆಯವರೆಲ್ಲ ಓದುತ್ತಾರೆ. 1984ರಲ್ಲಿ ಅಕ್ಕನ ತಮ್ಮ ಗಲ್ಫಿನಿಂದ ರಜೆಗೆ ಬಂದವನು ತನ್ನ ರೆಕಾರ್ಡರಿನಲ್ಲಿ ಅಕ್ಕನಿಗೆ ಮಾತಾಡಲು ಹೇಳಿದ. ಖಾಲಿ ಕ್ಯಾಸೆಟ್ಟು ಇರಲಿಲ್ಲ. ಯಕ್ಷಗಾನದ ಕ್ಯಾಸೆಟ್ಟಿನ ಮೇಲ್ತುದಿಯ ತೂತಿಗೆ ಅಂಟುಪಟ್ಟಿ ಹಚ್ಚಿ ಅದರ ಮೇಲೆಯೇ ರೆಕಾರ್ಡ್ ಮಾಡಿಕೊಟ್ಟ. ಕಂಪೆನಿಯ ಕ್ಯಾಸೆಟ್ಟಿಗೆ ಆ ತೂತು ಇರುವುದು ಯಾರೂ ಅಳಿಸಬಾರದೆಂದು, ನಮ್ಮ ಬ್ಯಾಂಕಿನ ರೀಲಿನ ಬಳೆಯ ಹಾಗೆ. ಆ ಕ್ಯಾಸೆಟ್ಟಿನಲ್ಲಿ ಅಕ್ಕನ ದನಿಯ ಜೊತೆಗೆ ಅವರ ಮೊದಲ ಮಗುವಿನ ದನಿಯೂ ಇತ್ತು. ಆಗ ಅದಕ್ಕೆ ಒಂದೂವರೆ ವರ್ಷ. ಮಾರನೆಯ ವರ್ಷ ಜ್ವರದಲ್ಲಿ ಹೋಯಿತು. ಶೆಟ್ರು ಅದನ್ನು ನೋಡಿದ್ದು ಎರಡೇ ಸಲ. ಒಂದು ಫೋಟೋ ಕೂಡ ತೆಗೆಸಿರಲಿಲ್ಲ.

ಕೆಸರಿನ ಕ್ಯಾಸೆಟ್ಟನ್ನು ಬಿಸಿಲಿಗಿಡಬಾರದು, ಯಂತ್ರಕ್ಕಂತೂ ಹಾಕಲೇಬಾರದು; ಒಣಗಿದ ಕೆಸರು ಹೆಡ್ಡಿಗೂ ಟೇಪಿಗೂ ಮರಳುಕಾಗದ ಇದ್ದ ಹಾಗೆ. ಐದು ಸ್ಕ್ರೂ ಬಿಚ್ಚಿ ಟೇಪಿನ ಎರಡು ಉಂಡೆಗಳನ್ನು ಹೊರಗೆ ತೆಗೆದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆ ಮತ್ತೆ ಅದ್ದಿ, ಕೆಸರು ಬಿಡುವವರೆಗೆ ತೊಳೆದೆ. ಟೇಪಿನ ಪ್ಲಾಸ್ಟಿಕ್ಕು ನೀರಿಗೆ ಹೆದರುವುದಿಲ್ಲ, ಕಾವಿಗೆ ಹೆದರುತ್ತದೆ. ಆಮೇಲೆ ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಂದು ವಾರ. ಜುಲೈ ಕೊನೆಯ ಮುಂಬಯಿಯಲ್ಲಿ ಏನನ್ನಾದರೂ ಒಣಗಿಸುವುದು ಎಂದರೆ ಏನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಒಣಗಿದ ಮೇಲೆ ಹೊಸ ಕ್ಯಾಸೆಟ್ಟಿನ ಗೂಡಿಗೆ ಸೇರಿಸಿ, ಪೆನ್ಸಿಲು ಚುಚ್ಚಿ ಕೈಯಲ್ಲೇ ಆ ತುದಿಯಿಂದ ಈ ತುದಿಗೆ ಸುತ್ತಿದೆ. ಅಂಟಿದ ಸುತ್ತುಗಳು ಬಿಡುವಾಗ ಚಿಟಿಕೆ ಹೊಡೆದಂಥ ಸದ್ದು ಬರುತ್ತಿತ್ತು. ಹೊರಗಿನ ಸುತ್ತುಗಳಲ್ಲಿ ಕೆಲವು ಕಡೆ ಪುಡಿಯೇ ಕಿತ್ತು ಬಂದಿತ್ತು, ಅಲ್ಲಿ ಇದ್ದ ಮಾತು ಹೋದದ್ದೇ.

ಮುಂದಿನ ಶನಿವಾರ ಇಬ್ಬರೂ ಬಂದರು. ಮೊದಲು ಎರಡು ನಿಮಿಷ ಅಳಿಸದೆ ಉಳಿದಿದ್ದ ಚೆಂಡೆ, ಭಾಗವತಿಕೆ. ಸ್ಪಷ್ಟವಾಗಿತ್ತು. ಅದು ಕಡಿದು ಅಕ್ಕನ ದನಿ ಬಂತು ನೋಡಿ, ಕಂಬಳಿಯೊಳಗಿಂದ ಮಾತಾಡಿದ ಹಾಗೆ, ಮೇಲಾಗಿ ಅವಸರದ ಕೀರಲು.

‘ಇದ್ ನನ್ ಸ್ವರ ಅಲ್ದೆ. ನಾನ್ ಹೀಂಗ್ ಮಾತಾಡುದಿಲ್ಲೆ’ ಎಂದರು ಅಕ್ಕ. ಅಟ್ಟದಲ್ಲಿ ಅವರು ಆಡಿದ ಮೊದಲ ಮಾತು ಅದು.

ಎರಡಕ್ಕೂ ಕಾರಣ ಇತ್ತು. ಟೇಪಿಗೆ ಹೆಡ್ಡು ನೆಟ್ಟಗೆ ತೊಂಬತ್ತು ಡಿಗ್ರಿಯಲ್ಲಿ ನಿಂತಿರಬೇಕು. ಕಂಪೆನಿಯವರ ಯಂತ್ರದಲ್ಲಿ ಹಾಗಿರುತ್ತದೆ. ತಮ್ಮನ ರೆಕಾರ್ಡರಿನ ಹೆಡ್ಡು ಒಂದು ಕೂದಲಿನಷ್ಟು ವಾಲಿತ್ತು. ವಾಲಿದ ಹೆಡ್ಡಿನಲ್ಲಿ ಮುದ್ರಿಸಿದ್ದನ್ನು ನೆಟ್ಟಗಿನ ಹೆಡ್ಡಿನಲ್ಲಿ ಕೇಳಿದರೆ ತೆಳು ಸ್ವರಗಳೆಲ್ಲ ಮುಚ್ಚಿಹೋಗುತ್ತವೆ. ಹೆಡ್ಡಿನ ಪಕ್ಕದಲ್ಲಿ ಇದನ್ನು ತಿದ್ದಲು ಒಂದು ಸಣ್ಣ ಸ್ಕ್ರೂ ಇದೆ. ಪುಸ್ತಕದಲ್ಲಿ ಬರೆದಿರುವುದು ಅದನ್ನು ಸರಿಯಾದ ಜಾಗದಲ್ಲಿ ಕೂರಿಸಿ ಮತ್ತೆ ಮುಟ್ಟಬೇಡಿ ಎಂದು. ಹಳೇ ಟೇಪಿನ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಟೇಪಿನಲ್ಲಿರುವ ಸೊಟ್ಟ ಇನ್ನು ಬದಲಾಗದು, ಅದಕ್ಕೆ ತಕ್ಕ ಹಾಗೆ ಯಂತ್ರ ವಾಲಬೇಕು. ಸ್ಕ್ರೂವನ್ನು ಎಳ್ಳಿನಷ್ಟು ತಿರುಗಿಸುತ್ತ ಹೋದೆ. ಒಂದು ಕಡೆ ಕಂಬಳಿ ಸರಿದು ಸ, ಶ, ಚ ಎಲ್ಲ ಕಿವಿಗೆ ಬಿತ್ತು.

ಕೀರಲಿಗೆ ಕಾರಣ ಸೆಲ್ಲು. ಮನೆಗೆ ಕರೆಂಟಿರಲಿಲ್ಲ. ಸೆಲ್ಲು ಮುಗಿಯುತ್ತ ಬಂದಾಗ ಮೋಟಾರು ನಿಧಾನ ತಿರುಗುತ್ತದೆ. ನಿಧಾನದಲ್ಲಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಮಾತು ಓಡುತ್ತದೆ. ಮೋಟಾರಿನ ಬೆನ್ನಲ್ಲಿ ವೇಗ ತಿದ್ದುವ ತೂತಿದೆ, ಸ್ಕ್ರೂಡ್ರೈವರು ಹಾಕಿ ತಿರುಗಿಸಿದರಾಯಿತು. ಆದರೆ ಎಷ್ಟು? ಅಕ್ಕನ ಕಿವಿ ಇದಕ್ಕೆ ಸಾಕ್ಷಿಯಾಗದು. ತನ್ನ ದನಿ ತನಗೆ ಒಳಗಿನಿಂದ ಕೇಳುವುದೇ ಬೇರೆ, ಯಾರಿಗೂ ತನ್ನ ರೆಕಾರ್ಡು ತನ್ನದೆನಿಸುವುದಿಲ್ಲ. ಮಗುವಿನ ನಗೆಯನ್ನಂತೂ ಅಂದಾಜಿನ ಮೇಲೆ ತಿದ್ದಲು ನನಗೆ ಮನಸ್ಸಿರಲಿಲ್ಲ. ನೂರಕ್ಕೆ ಐದು ಹೆಚ್ಚು ಕಡಿಮೆಯಾದರೂ ಅದು ಬೇರೆ ಯಾವುದೋ ಮಗು.

ಇಯರ್‌ಫೋನು ಹಾಕಿಕೊಂಡು ಕೇಳಿದಾಗ ಹಿಂದೆ ಏನೋ ರಾಗ ಕೇಳಿಸಿತು. ಅಕ್ಕನನ್ನು ಕೇಳಿದೆ. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಒಳಗಿನ ಕೋಣೆಯಲ್ಲಿ ಕೂತು ಮಾತಾಡಿದ್ದಂತೆ. ಮಾವ ಮಾತ್ರ ಎದ್ದು ಚಾವಡಿಯಲ್ಲಿ ರೇಡಿಯೋ ಹಚ್ಚಿದ್ದರಂತೆ. ರಾಗ ಆಕಾಶವಾಣಿಯದು, ಬೆಳಿಗ್ಗೆ ಕಾರ್ಯಕ್ರಮ ಶುರುವಾಗುವ ಮೊದಲು ಬರುವ ಆ ಪಿಟೀಲಿನ ನಾದ. 1930ರ ದಶಕದಲ್ಲಿ ವಾಲ್ಟರ್ ಕೌಫ್‌ಮನ್ ಎಂಬ ಯುರೋಪಿನ ಸಂಗೀತಗಾರ ಮುಂಬಯಿಯಲ್ಲಿದ್ದಾಗ ಮಾಡಿದ್ದು ಅದು ಎನ್ನುತ್ತಾರೆ. ದೇಶದಲ್ಲೆಲ್ಲ ಒಂದೇ ಶ್ರುತಿ, ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೆ? ಭಾನುವಾರ ನಸುಕಿನಲ್ಲಿ ಎದ್ದು ರೇಡಿಯೋ ಹಚ್ಚಿ ಆ ನಾದವನ್ನು ರೆಕಾರ್ಡ್ ಮಾಡಿಕೊಂಡೆ. ಎರಡನ್ನೂ ಅಕ್ಕಪಕ್ಕ ಹಾಕಿ ಶ್ರುತಿ ಸೇರುವವರೆಗೆ ಮೋಟಾರಿನ ವೇಗ ಇಳಿಸಿದೆ. ನೂರಕ್ಕೆ ಆರರಷ್ಟು ಇಳಿಸಬೇಕಾಯಿತು. ಟೇಪನ್ನು ಅದೇ ವೇಗದಲ್ಲಿ ಒಂದೇ ಸಲ ಓಡಿಸಿ ಕಂಪ್ಯೂಟರಿಗೆ ಹಾಕಿಕೊಂಡೆ. ತೊಳೆದ ಟೇಪನ್ನು ಮತ್ತೆ ಮತ್ತೆ ಓಡಿಸುವ ಧೈರ್ಯ ನನಗಿಲ್ಲ.

ಮೂರನೇ ಶನಿವಾರ ಕೇಳಿಸಿದೆ. ಹತ್ತೊಂಬತ್ತು ನಿಮಿಷ ಉಳಿದಿತ್ತು. ಕೆಂಪು ದನ ಕರು ಹಾಕಿದ್ದು, ಹಂಚಿನ ಮಾಡು ಸೋರುವುದು, ಕಳಿಸಿದ ದುಡ್ಡಿನಲ್ಲಿ ಸೊಸೈಟಿಯ ಸಾಲಕ್ಕೆ ಎಷ್ಟು ಕಟ್ಟಿದ್ದು, ಹೆಚ್ಚಿನದು ಇಂಥ ಲೆಕ್ಕವೇ. ಎಲ್ಲರೂ ಕೇಳಬಹುದಾದ ಪತ್ರ. ಕೊನೆಯ ಭಾಗದಲ್ಲಿ ಮಗು ಎದ್ದು ಬಂದಿದೆ. ‘ಅಪ್ಪಯ್ಯ ಅನ್, ಅಪ್ಪಯ್ಯ ಅನ್’ ಎಂದು ಅಕ್ಕ ಹೇಳಿಸಲು ನೋಡುತ್ತಾರೆ. ಅದು ಹೇಳುವುದಿಲ್ಲ. ನಗುತ್ತದೆ, ಮೈಕಿಗೆ ಕೈಯಿಂದ ಟಪ್ ಟಪ್ ಎಂದು ಬಡಿಯುತ್ತದೆ, ಏನೋ ಒಂದು ಶಬ್ದ ಮಾಡುತ್ತದೆ. ಸೆಲ್ಲು ಮುಗಿದು ಅಲ್ಲಿಗೆ ನಿಲ್ಲುತ್ತದೆ.

ಶೆಟ್ರು ಇನ್ನೊಮ್ಮೆ ಹಾಕಲು ಹೇಳಿದರು. ಹಾಕಿದೆ. ಅಕ್ಕ ಎರಡನೇ ಸಲ ಕೇಳಲಿಲ್ಲ, ಏಣಿ ಇಳಿದು ಅಂಗಡಿಯ ಬಾಗಿಲಲ್ಲಿ ಹೋಗಿ ನಿಂತರು. ಹೊರಡುವಾಗ ಸೀಡಿಯನ್ನು ಅವರೇ ಸೆರಗಿನಲ್ಲಿ ಸುತ್ತಿಕೊಂಡರು. ‘ಕರುಗೆ ಗೌರಿ ಅಂದ್ ಹೆಸ್ರ್ ಇಟ್ಟದ್ ಮರ್ತೇ ಹೋಯಿತ್ತ್’ ಎಂದು ನಕ್ಕರು. ದುಡ್ಡು ಎಷ್ಟು ಎಂದು ಶೆಟ್ರು ಕೇಳಿದ್ದಕ್ಕೆ ಡಿಸ್ಟಿಲ್ಡ್ ನೀರಿನ ಬಾಟಲಿಯ ಹಣ ತೆಗೆದುಕೊಂಡೆ. ಏನೂ ಬೇಡ ಎಂದಿದ್ದರೆ ಅವರು ಬಿಡುತ್ತಿರಲಿಲ್ಲ.

ಉಳಿದ ಹದಿಮೂರರಲ್ಲಿ ಒಂಬತ್ತನ್ನು ಆಮೇಲೆ ತೊಳೆದು ಕೊಟ್ಟೆ.

ಬ್ಯಾಂಕಿನ ದಾಖಲೆ ಎಷ್ಟು ಕಾಲ ಇಡಬೇಕು ಎನ್ನಲು 1985ರ ನಿಯಮವಿದೆ: ಕೆಲವಕ್ಕೆ ಐದು ವರ್ಷ, ಕೆಲವಕ್ಕೆ ಎಂಟು. ಅವಧಿ ಮುಗಿದ ರೀಲುಗಳ ವಿಲೇವಾರಿಯ ಕಾಗದಕ್ಕೆ ನಾನೇ ಸಹಿ ಹಾಕಿದ್ದೇನೆ, ಅದರಲ್ಲಿ ತಪ್ಪೇನೂ ಇಲ್ಲ. ಟೇಪಿನ ಕಾಲ ಮುಗಿಯಿತು ಎನ್ನುವವರಿಗೆ ಮಾತ್ರ ಒಂದು ಮಾತು ಹೇಳುತ್ತೇನೆ. 2000ದಲ್ಲಿ ಬಂದ ಎಲ್‌ಟಿಓ ಎಂಬ ಜಾತಿಯ ಟೇಪಿನಲ್ಲಿ ಇವತ್ತಿಗೂ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ತಮ್ಮ ನಕಲು ಇಡುತ್ತವೆ. ಅರ್ಧ ಇಂಚೇ ಅಗಲ, ನಮ್ಮ ರೀಲಿನಷ್ಟೇ.

ಕಾಲಾ ಘೋಡಾದ ರಿದಂ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ಫೋರ್ಟಿನಲ್ಲಿ ಕ್ಯಾಸೆಟ್ಟಿನ ಮಾತಾಡುವವರು ಕಡಿಮೆಯಾದರು. ನನ್ನ ಅಟ್ಟಕ್ಕೆ ಬರುವವರು ಕಡಿಮೆಯಾಗಿಲ್ಲ. ಈಗ ಬರುವವರು ಮಕ್ಕಳು, ಮೊಮ್ಮಕ್ಕಳು. ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು ಅಂಕಲ್, ಇದರಲ್ಲಿ ಏನಿದೆ ಗೊತ್ತಿಲ್ಲ, ಅನ್ನುತ್ತಾರೆ. ಹೆಚ್ಚಿನದರಲ್ಲಿ ಸಿನಿಮಾ ಹಾಡು. ಅವರಿಗೆ ನಾನು ಹೇಳುವುದಿಷ್ಟು: ಮನೆಯಲ್ಲಿರುವ ಹಳೇ ಯಂತ್ರಕ್ಕೆ ಹಾಕಿ ನೋಡಬೇಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಬೇರೆ ಕ್ಯಾಸೆಟ್ಟುಗಳ ಜೊತೆ ಇಡಬೇಡಿ, ಅದು ಹರಡುತ್ತದೆ. ಫ್ರಿಜ್ಜಿನ ಮೇಲೆ, ಸ್ಪೀಕರಿನ ಪಕ್ಕ ಇಡಬೇಡಿ. ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ.

ಸದ್ಯ ಅಟ್ಟದಲ್ಲಿ ಮೂರು ಡೆಕ್ಕು ಕೂತಿವೆ. ಒಂದಕ್ಕೆ ಗಾಲಿ ಬೇಕು, 13 ಮಿ.ಮೀ.ಯದು, ಲ್ಯಾಮಿಂಗ್ಟನ್ ರೋಡಿನವನು ಬುಧವಾರ ಬಾ ಎಂದಿದ್ದಾನೆ. ಇನ್ನೊಂದರ ಬೆಲ್ಟು ಡಾಂಬರಾಗಿದೆ. ಮೂರನೆಯದು ಅಂಕೋಲೆಯ ಕಡೆಯವರೊಬ್ಬರದು. ಅದರೊಳಗೆ ಒಂದು ಕ್ಯಾಸೆಟ್ಟು ಸಿಕ್ಕಿಕೊಂಡಿದೆ, ಬಾಗಿಲು ತೆರೆಯುತ್ತಿಲ್ಲ. ನಾಳೆ ಅದನ್ನು ಮೊದಲು ಬಿಚ್ಚಬೇಕು.